ಜಠರದ ಹಿಂದಣ ಗಂಟು

ಮನೆಯ ಹಿರಿಯರಿಗೆ ಕಾಮಾಲೆ ಕಾಣಿಸಿತು. ಸ್ಕ್ಯಾನಿನಲ್ಲಿ ಮೇದೋಜೀರಕ ಗ್ರಂಥಿಯ ತಲೆಯ ಭಾಗದಲ್ಲೊಂದು ಗಂಟಿರುವುದು ತಿಳಿಯಿತು. ಸೂಜಿ ಹಾಕಿ ಬಯಾಪ್ಸಿ ಮಾಡಬೇಕೆಂದರು ವೈದ್ಯರು. ಅಂದಿನ ರಾತ್ರಿ ಆ ಮನೆಯಲ್ಲಿ ಯಾರಿಗೆ ನಿದ್ರೆ? "ಗಂಟಿಗೆ ಸೂಜಿ ತಾಗಿಸಿದರೆ ಮೈಯೆಲ್ಲ ಹರಡೀತು" ಎನ್ನುತ್ತಾರೆ ಬಂಧುಗಳಲ್ಲೊಬ್ಬರು. "ಗಂಟೆಂದ ಮೇಲೆ ಅದೇ ರೋಗ, ಇನ್ನು ಪರೀಕ್ಷೆಯೇಕೆ?" ಎಂದು ನಿಟ್ಟುಸಿರಿಡುತ್ತಾರೆ ಮತ್ತೊಬ್ಬರು. ಸೂಜಿಯ ದಾರಿಯಲ್ಲಿ ರೋಗ ಹರಡುವುದು ತೀರ ಅಪರೂಪ. ಹೆಚ್ಚು ಅಪಾಯಕರವಾದುದು ಎರಡನೆಯ ಮಾತು.

ಏಕೆಂದರೆ ಅಲ್ಲಿ ಕಾಣುವ ಗಂಟೆಲ್ಲವೂ ಕ್ಯಾನ್ಸರ್ ಅಲ್ಲ. ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ ಈ ಗ್ರಂಥಿಯ ಮೇಲೆ ಎರಗಿದಾಗಲೂ ಅದು ಬಾತುಕೊಂಡು ಗಂಟಿನಂತೆ ತೋರುತ್ತದೆ, ಕಾಮಾಲೆಯನ್ನೂ ತರುತ್ತದೆ. ಇಂತಹ ರೋಗಿಗಳ ರಕ್ತದಲ್ಲಿ ಐಜಿಜಿ-4 ಎಂಬ ಪ್ರೋಟೀನು ಹೆಚ್ಚಿರುವುದನ್ನು ಜಪಾನಿನ ವೈದ್ಯರು 2001ರಲ್ಲಿ ತೋರಿಸಿಕೊಟ್ಟರು. ಈ ಬಾವು ಸಾಮಾನ್ಯವಾಗಿ ಸ್ಟೀರಾಯ್ಡ್ ಮಾತ್ರೆಗಳಿಗೇ ಇಳಿಯುತ್ತದೆ. ಅದನ್ನು ಕ್ಯಾನ್ಸರೆಂದು ಬಗೆದು ದೊಡ್ಡ ಶಸ್ತ್ರಕ್ರಿಯೆ ಮಾಡಿ, ಅನಂತರ ಅಲ್ಲವೆಂದು ತಿಳಿದ ಪ್ರಸಂಗಗಳೂ ಉಂಟು. ಭಾರತದಲ್ಲಿ ಕ್ಷಯವೂ ಅಪರೂಪಕ್ಕೆ ಅಲ್ಲಿ ಗಂಟು ಕಟ್ಟುತ್ತದೆ.

ತೊಡಕು ಗ್ರಂಥಿಯಿರುವ ಸ್ಥಳದ್ದು. ಸುಮಾರು 15 ಸೆಂಟಿಮೀಟರ್ ಉದ್ದದ ಈ ಅಂಗ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ದೊಡ್ಡ ರಕ್ತನಾಳಗಳ ನಡುವೆ ಅಡ್ಡಲಾಗಿ ಮಲಗಿದೆ. ಹೊಟ್ಟೆಯ ಮೇಲಿನಿಂದ ಅಲ್ಟ್ರಾಸೌಂಡ್ ಅಲೆಗಳನ್ನು ಹಾಯಿಸಿದರೆ ಕರುಳಿನ ಗಾಳಿ ಅಡ್ಡಬಂದು ಚಿತ್ರ ಮಸುಕಾಗುತ್ತದೆ. ಆದರೂ ಡೆನ್ಮಾರ್ಕಿನ ವೈದ್ಯರು ಆ ಚಿತ್ರವನ್ನೇ ನಂಬಿ ಹೊಟ್ಟೆಯ ಮೇಲಿನಿಂದ ಸೂಜಿ ತೂರಿಸಿ, 1975ರಲ್ಲಿ ಅದರ ವರದಿ ಪ್ರಕಟಿಸಿದರು. 1992ರಲ್ಲಿ ಅದೇ ದೇಶದ ಪೀಟರ್ ವಿಲ್ಮನ್ ಮತ್ತು ಸಂಗಡಿಗರು ವರದಿ ಮಾಡಿದ್ದು ಒಳದಾರಿಯನ್ನು.

ಆ ದಾರಿ ಬಾಯಿಯಿಂದ ಹೊರಡುತ್ತದೆ. ಉಪವಾಸವಿದ್ದ ರೋಗಿಗೆ ಮಂಪರು ಬರಿಸಿ, ತುದಿಯಲ್ಲಿ ಪುಟ್ಟ ಅಲ್ಟ್ರಾಸೌಂಡ್ ಸಾಧನವುಳ್ಳ ಎಂಡೋಸ್ಕೋಪ್ ನಳಿಗೆಯನ್ನು ಜಠರಕ್ಕೆ ಇಳಿಸುತ್ತಾರೆ. ಗಂಟು ತಲೆಯ ಭಾಗದಲ್ಲಿದ್ದರೆ ಸಣ್ಣಕರುಳಿನ ಮೊದಲ ತಿರುವಿನವರೆಗೂ ಒಯ್ಯುತ್ತಾರೆ. ಗ್ರಂಥಿ ಅಲ್ಲಿ ಗೋಡೆಯಾಚೆಯ ನೆರೆಮನೆ. ಪರದೆಯ ಮೇಲೆ ರಕ್ತನಾಳಗಳು ಬಣ್ಣದಲ್ಲಿ ಕಾಣುವುದರಿಂದ ಅವನ್ನು ತಪ್ಪಿಸಿ ಸೂಜಿಯನ್ನು ಗಂಟಿನೊಳಕ್ಕೆ ನಡೆಸಬಹುದು. ಅಲ್ಲಿ ಅದನ್ನು ಹಲವು ಬಾರಿ ಹಿಂದುಮುಂದಾಗಿ ಆಡಿಸಿ ಜೀವಕೋಶಗಳನ್ನು ಸಂಗ್ರಹಿಸುತ್ತಾರೆ. 22 ಗೇಜಿನ ಸೂಜಿಯ ದಪ್ಪ ಸುಮಾರು 0.7 ಮಿಲಿಮೀಟರ್, 25 ಗೇಜಿನದು ಅದಕ್ಕಿಂತಲೂ ತೆಳು. (ಸಂಖ್ಯೆ ಏರಿದಷ್ಟೂ ಸೂಜಿ ಸಪುರವಾಗುವ ಈ ಲೆಕ್ಕ ಯಾರ ಜಾಣತನವೋ!)

ಅಪಾಯವೇ ಇಲ್ಲವೆಂದಲ್ಲ. ನೂರರಲ್ಲಿ ಒಬ್ಬಿಬ್ಬರಿಗೆ ಗ್ರಂಥಿ ಬಾತು ನೋವು ಬರಬಹುದು. ರಕ್ತಸ್ರಾವ ಇನ್ನೂ ವಿರಳ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಮನೆಗೆ ಮರಳಿದ ಮೇಲೆ ಹೊಟ್ಟೆನೋವು ಬಲಿತರೆ, ಜ್ವರ ಬಂದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಇನ್ನು ವರದಿಯ ವಿಷಯ. "ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ" ಎಂಬ ಸಾಲನ್ನೋದಿ ಸಿಹಿ ಹಂಚುವ ಮನೆಗಳುಂಟು. ಸೂಜಿಗೆ ಸಿಕ್ಕಿದ್ದರಲ್ಲಿ ಕಾಣಲಿಲ್ಲ ಎಂಬಷ್ಟೇ ಅದರ ಅರ್ಥ. ಈ ಗ್ರಂಥಿಯ ಕ್ಯಾನ್ಸರಿನ ಸುತ್ತ ನಾರಿನಂತಹ ಗಟ್ಟಿ ಅಂಗಾಂಶ ಹೇರಳವಾಗಿದ್ದು, ಕೆಲವೊಮ್ಮೆ ಸೂಜಿಗೆ ಅದೇ ಸಿಕ್ಕೀತು. ಸಂಶಯ ಬಲವಾಗಿದ್ದರೆ ವೈದ್ಯರು ಮತ್ತೊಮ್ಮೆ ಸೂಜಿ ಹಾಕುತ್ತಾರೆ. ಚಿತ್ರಗಳು ಕ್ಯಾನ್ಸರನ್ನೇ ಸ್ಪಷ್ಟವಾಗಿ ಸೂಚಿಸಿ, ಗಂಟನ್ನು ಪೂರ್ತಿ ತೆಗೆಯಲು ಸಾಧ್ಯವಿದ್ದರೆ ಬಯಾಪ್ಸಿಯಿಲ್ಲದೆಯೂ ಶಸ್ತ್ರಕ್ರಿಯೆಗೆ ಹೋಗುವುದುಂಟು. ಕೀಮೋಥೆರಪಿ ಮೊದಲು ಮಾಡುವುದಾದರೆ ಮಾತ್ರ ಸೂಜಿಯ ಸಾಕ್ಷ್ಯ ಬೇಕೇ ಬೇಕು.