ರಿಪೋರ್ಟ್ ನಾರ್ಮಲ್, ಎದೆ ಮಾತ್ರ ಭಾರ

ಗೋಪಾಳದ ನನ್ನ ದವಾಖಾನೆಗೆ ಬರುವ ಅನೇಕ ಸಹೋದರಿಯರ ಕೈಯಲ್ಲಿ ದಪ್ಪನೆಯ ಫೈಲ್ ಇರುತ್ತದೆ. ಇಸಿಜಿ, ಥೈರಾಯ್ಡ್, ಸ್ಕ್ಯಾನಿಂಗ್ ಎಲ್ಲವೂ ನಾರ್ಮಲ್. ಆದರೂ, "ಡಾಕ್ಟರ್ ಸಾಬ್, ಎದೆ ಮೇಲೆ ಕಲ್ಲಿಟ್ಟ ಹಾಗಿದೆ, ಗಂಟಲು ಕಟ್ಟುತ್ತದೆ, ನಿದ್ದೆ ಇಲ್ಲ" ಎನ್ನುತ್ತಾರೆ. ಜೊತೆಗೆ ಬಂದವರು "ಎಲ್ಲಾ ನಾಟಕ" ಎಂದೋ "ನಝರ್ ತಾಗಿದೆ" ಎಂದೋ ಹೇಳುತ್ತಾರೆ. ಮೊದಮೊದಲು ನಾನೂ ಖಮೀರಾ ಕೊಟ್ಟು ಕಳಿಸುತ್ತಿದ್ದೆ. "ಮನಸ್ಸಿಗೇನು ನೋವಮ್ಮಾ?" ಎಂದು ಕೇಳುತ್ತಿರಲಿಲ್ಲ. ಅದು ನನ್ನ ತಪ್ಪು.

ಅವರು ಸುಳ್ಳು ಹೇಳುತ್ತಿಲ್ಲ. ಮಗ ಯೂಸುಫ್(ಅ)ರನ್ನು ಅಗಲಿದ ಪ್ರವಾದಿ ಯಾಕೂಬ್(ಅ)ರ ಕಣ್ಣುಗಳು ದುಃಖದಿಂದ ಬೆಳ್ಳಗಾದವೆಂದು ಕುರ್‌ಆನ್ ತಿಳಿಸುತ್ತದೆ. ಸಹನೆಗೆ ಮಾದರಿಯಾದ ಪ್ರವಾದಿಯ ದೇಹವೇ ದುಃಖವನ್ನು ಹೊತ್ತಿರುವಾಗ, ಮನೆಯ ಹೆಣ್ಣುಮಗಳಿಗೆ "ಸಬರ್ ಮಾಡು" ಎಂದಷ್ಟೇ ಹೇಳಿ ಬಾಯಿ ಮುಚ್ಚಿಸುವುದು ಯಾವ ನ್ಯಾಯ?

ಯುನಾನಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಅಂಶಗಳಿವೆ. ದೇಹದ ಚಲನೆ ಮತ್ತು ವಿಶ್ರಾಂತಿ ಅವುಗಳಲ್ಲಿ ಒಂದು, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ ಇನ್ನೊಂದು. ಪ್ರೇಮದ ಕೊರಗಿನಿಂದ ಸೊರಗಿದವನ ನಾಡಿ ಹಿಡಿದು, ಒಂದೊಂದೇ ಹೆಸರು ಹೇಳುತ್ತಾ, ನಾಡಿ ಏರುಪೇರಾದಾಗ ಅವನ ಗುಟ್ಟು ತಿಳಿಯುವ ವಿಧಾನವನ್ನು ಇಬ್ನ್ ಸೀನಾ 'ಅಲ್ ಕಾನೂನ್'ನಲ್ಲಿ ಬರೆದಿದ್ದಾರೆ. ನಾಲಿಗೆ ಮುಚ್ಚಿಟ್ಟದ್ದನ್ನು ದೇಹ ಹೇಳುತ್ತದೆ.

ದೇಹದ ಈ ಭಾಷೆಯಿಂದಲೇ ಆರಂಭವಾಗುವ ಮನೋಚಿಕಿತ್ಸೆ ಇಂದು ನಮ್ಮಲ್ಲೂ ಇದೆ. ಭಾರತದಲ್ಲಿ ಇದನ್ನು ಬೆಳೆಸಿದವರಲ್ಲಿ ಒಬ್ಬರಾದ ತ್ರಿಪುರಾ ಕಶ್ಯಪ್ 2005ರಲ್ಲೇ ಈ ಬಗ್ಗೆ ಪುಸ್ತಕ ಬರೆದಿದ್ದಾರೆ. ಇಲ್ಲಿ ಎಲ್ಲವನ್ನೂ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತದೆ, ಭುಜ ಯಾಕೆ ಬಿಗಿದಿದೆ ಎಂದು ಗಮನಿಸುತ್ತಾರೆ. ನಡೆಯುವುದು, ಕೈ ಚಾಚುವುದು, ಜೇಡಿಮಣ್ಣು ನಾದುವುದು, ಬಣ್ಣ ಹಚ್ಚುವುದು ಮಾಡಿಸುತ್ತಾರೆ. ಬಿಗಿ ಸಡಿಲಿದಂತೆ ಮಾತೂ ಬರುತ್ತದೆ.

"ಇದು ಡ್ಯಾನ್ಸ್ ಅಲ್ಲವೇ, ದೀನಿನಲ್ಲಿ ಸರಿಯೇ?" ಎಂದು ನೀವು ಕೇಳಬಹುದು. ಇದು ಪ್ರದರ್ಶನವಲ್ಲ, ವೇದಿಕೆಯೂ ಇಲ್ಲ. ಸಂಗೀತವಿಲ್ಲದೆಯೂ ಮಾಡಬಹುದು. ಮಹಿಳಾ ಚಿಕಿತ್ಸಕಿ ಬೇಕು, ಪರದೆಯ ವ್ಯವಸ್ಥೆ ಬೇಕು ಎಂದು ಕೇಳಲು ಸಂಕೋಚಪಡಬೇಡಿ. ಕಾಯಿಲೆಗೆ ಚಿಕಿತ್ಸೆ ಪಡೆಯಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ. ಮನಸ್ಸಿನ ಕಾಯಿಲೆ ಇದಕ್ಕೆ ಹೊರತಲ್ಲ. ದುಆ ಬಿಡಬೇಡಿ, ಚಿಕಿತ್ಸೆಯನ್ನೂ ಬಿಡಬೇಡಿ.

ಎರಡು ಎಚ್ಚರಿಕೆಗಳು. ಎದೆನೋವಿದ್ದರೆ ಮೊದಲು ಹೃದಯದ ತಪಾಸಣೆ ಆಗಲಿ. ಮನೋವೈದ್ಯರು ಕೊಟ್ಟ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಡಾ. ಅಶೋಕ್ ಪೈ ಅವರಂಥ ಮನೋವೈದ್ಯರು ದುಡಿದ ಊರು ನಮ್ಮ ಶಿವಮೊಗ್ಗ. ಇಲ್ಲಿ ಮನೋವೈದ್ಯರ ಬಳಿ ಹೋಗಲು ನಾಚಿಕೆಯೇಕೆ? ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ "ಬದುಕೇ ಬೇಡ" ಎಂದರೆ ಒಂದು ದಿನವೂ ಕಾಯಬೇಡಿ.

ಇಂದು ಇಶಾ ನಮಾಝ್ ಮುಗಿದ ಮೇಲೆ ಮೊಬೈಲ್ ಪಕ್ಕಕ್ಕಿಟ್ಟು, ಎದೆ ಭಾರ ಎನ್ನುವ ನಿಮ್ಮ ಮನೆಯವರ ಪಕ್ಕ ಹತ್ತು ನಿಮಿಷ ಕುಳಿತುಕೊಳ್ಳಿ. ಉಪದೇಶ ಬೇಡ, ಕೇಳಿಸಿಕೊಳ್ಳಿ.