ಈ ರಜೆಗೆ ಗೋವಾ ಬೇಡ, ಕ್ಲಾಸ್‌ಮೇಟ್ ಊರಿಗೆ ಹೋಗಿ

ಮಾರ್ಚ್ ಬಂದ್ರೆ ನಮ್ಮ ಇನ್‌ಸ್ಟಾಗ್ರಾಮ್ ತುಂಬ ಯೂರೋಪು. ನಮ್ಮ ಜೊತೆ ಪಿಯುಸಿ ಓದಿ ವಿದೇಶಕ್ಕೆ ಹಾರಿದವರಿಗೆ ಅಲ್ಲಿ ಸ್ಪ್ರಿಂಗ್ ಬ್ರೇಕ್. ಒಂದು ವಾರದಲ್ಲಿ ನಾಲ್ಕು ದೇಶ, ದಿನಕ್ಕೆ ಹತ್ತು ಸ್ಟೋರಿ. ಅವರಲ್ಲೊಬ್ಬ ಮೊನ್ನೆ ಮೆಸೇಜ್ ಮಾಡಿ, "ನಿಮ್ದೂ ಸೆಮ್ ಬ್ರೇಕ್ ಮುಗೀತಲ್ಲ, ಎಲ್ಲಿಗೆ ಹೋದ್ರಿ?" ಅಂದ. "ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ" ಅಂತ ಬರೆದ್ವಿ. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಅದೆಲ್ಲಿದೆ?"

ಅವನನ್ನ ನೋಡಿ ನಗೋ ಹಕ್ಕು ನಮಗಿಲ್ಲ. ಕೆಲವೇ ತಿಂಗಳ ಹಿಂದೆ ನಾವೂ ಅದನ್ನೇ ಕೇಳ್ತಿದ್ವಿ. ಅದೂ ನಮ್ಮ ಪಕ್ಕದ ಬೆಂಚಿನಲ್ಲಿ ಕೂರೋ ಕುಷ್ಟಗಿ ಹುಡುಗನ ಮುಂದೆ.

ಮೊದಲ ಸೆಮ್‌ನಲ್ಲಿ ಯಾರು ಕೇಳಿದ್ರೂ ಅವನು "ಹೊಸಪೇಟೆ ಹತ್ರ" ಅಂತಿದ್ದ. ಕುಷ್ಟಗಿ ಅಂದ್ರೆ ಮತ್ತೆ ವಿವರಿಸಬೇಕು, ವಿವರಿಸಿದ್ರೆ "ಓ, ಎಚ್‌ಕೆ ಕೋಟಾನಾ?" ಅನ್ನೋ ಪ್ರಶ್ನೆ ಬರುತ್ತೆ. ಅವನ "ಹೌದ್ರಿ", "ಬರ್ತೀನ್ರಿ"ಗಳನ್ನ ನಾವು ಮಿಮಿಕ್ರಿ ಮಾಡ್ತಿದ್ವಿ. ಅವನೂ ನಗ್ತಿದ್ದ. ಎರಡನೇ ಸೆಮ್ ಹೊತ್ತಿಗೆ ಅವನು ನಮ್ಮ ಹಾಗೆ ಮಾತಾಡೋಕೆ ಶುರು ಮಾಡಿದ. ಅದನ್ನ ನಾವು "ಅಡ್ಜಸ್ಟ್ ಆದ" ಅಂದ್ಕೊಂಡ್ವಿ.

ಮೂರನೇ ಸೆಮ್ ಪರೀಕ್ಷೆ ಮುಗಿದಾಗ ಎಲ್ಲರ ಹಾಗೆ ನಾವೂ ಗೋವಾ ಪ್ಲಾನ್ ಹಾಕಿದ್ವಿ. ಅವನು ಬರಲ್ಲ ಅಂದ. ದುಡ್ಡಿನ ಸಮಸ್ಯೆ ಇರಬೇಕು ಅಂತ, ನಾವೇ ಹಂಚ್ಕೊಂಡು ಹಾಕ್ತೀವಿ ಅಂದ್ವಿ. "ರೊಕ್ಕ ಅಲ್ಲೋ. ಗೋವಾ ನಾ ನೋಡೀನಿ. ಎರಡನೇ ಕ್ಲಾಸ್ ತನಕ ಅಲ್ಲೇ ಇದ್ದೆ" ಅಂದ. ಅಪ್ಪಂದು ಅಲ್ಲಿ ಕೆಲಸವಾ ಅಂತ ಕೇಳಿದ್ವಿ. "ಹ್ಞೂಂ, ಬಿಲ್ಡಿಂಗ್ ಕೆಲಸ" ಅಂದು ಸುಮ್ಮನಾದ. ಆಮೇಲೆ ಅವನೇ, "ನಮ್ಮೂರಿಗೆ ಬರ್ರಿ ಬೇಕಾದ್ರ" ಅಂದ. ಬಾಯಿಮಾತಿಗೆ ಕರೆದಿದ್ದ ಅನ್ಸುತ್ತೆ. ನಾವು ನಿಜವಾಗ್ಲೂ ಹೊರಟ್ವಿ, ಅವನೂ ಸೇರಿ ಐದು ಜನ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಕೂತು ಕೊಪ್ಪಳದಲ್ಲಿ ಇಳಿದ್ವಿ. ಮೊದಲು ಗವಿಮಠ. ಜನವರಿ ಜಾತ್ರೆಯ ತೇರು, ಲಕ್ಷಗಟ್ಟಲೆ ರೊಟ್ಟಿಯ ದಾಸೋಹ ಎಲ್ಲಾ ರೀಲ್ಸ್‌ನಲ್ಲಿ ನೋಡಿದ್ವಿ. ಗೊತ್ತಿಲ್ಲದೇ ಇದ್ದದ್ದು ಅಲ್ಲಿನ ಗುಡ್ಡದ ಬಂಡೆ ಮೇಲಿರೋ ಅಶೋಕನ ಶಾಸನ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೇದು. ಊರಿನ ಇನ್ನೊಂದು ಕಡೆ ಪಾಲ್ಕಿಗುಂಡು ಅಂತ ಇದೆ: ಬಂಡೆಗಳ ಮೇಲೆ ಪಲ್ಲಕ್ಕಿ ಹಾಗೆ ಕೂತಿರೋ ದೊಡ್ಡ ಕಲ್ಲು. ಅಲ್ಲೂ ಒಂದು ಅಶೋಕ ಶಾಸನ. ಪ್ರಯತ್ನಪಟ್ಟರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಮೇಲೇರಬಹುದು ಅನ್ನೋದು ಅದರ ಸಾರ. ಅದನ್ನ ಕೊಪ್ಪಳದಲ್ಲೇ ಎರಡು ಕಡೆ ಕೆತ್ತಿಸಿದ್ದಾರೆ ಅಂದ್ರೆ ಆ ಕಾಲಕ್ಕೆ ಇದು ಮೂಲೆಯ ಊರಾಗಿರಲಿಲ್ಲ.

ಇನ್ನೊಂದು ವಿಷಯ ತಿಳಿದು ನಮಗೆ ನಿಜಕ್ಕೂ ನಾಚಿಕೆ ಆಯ್ತು. ಒಂಬತ್ತನೇ ಶತಮಾನದ 'ಕವಿರಾಜಮಾರ್ಗ' ನಮಗೆ ಸಿಕ್ಕಿರೋ ಕನ್ನಡ ಕೃತಿಗಳಲ್ಲೇ ಹಳೆಯದು. ಇದು ಕ್ಲಬ್ಬಿನ ಕ್ವಿಜ್‌ನಲ್ಲಿ ಪ್ರತಿ ವರ್ಷ ಬರುತ್ತೆ. ಆದರೆ ಅದೇ ಪುಸ್ತಕ, ಕನ್ನಡದ ತಿರುಳು ಎಲ್ಲಿದೆ ಅಂತ ನಾಲ್ಕು ಊರುಗಳ ಹೆಸರು ಹೇಳುತ್ತೆ: ಕಿಸುವೊಳಲು ಅಂದ್ರೆ ಪಟ್ಟದಕಲ್ಲು, ಪುಲಿಗೆರೆ ಅಂದ್ರೆ ಲಕ್ಷ್ಮೇಶ್ವರ, ಒಂಕುಂದ, ಮತ್ತೆ ಕೊಪಣ. ಕೊಪಣ ಅಂದ್ರೆ ಇದೇ ಕೊಪ್ಪಳ. ಈ ನಾಲ್ಕರ ನಡುವಿನ ಕನ್ನಡವೇ ತಿರುಳ್ಗನ್ನಡ. ನಾವು ಮಿಮಿಕ್ರಿ ಮಾಡಿ ನಕ್ಕಿದ್ದು ಆ ಊರಿನ ಮಾತನ್ನ. ಕನ್ನಡ ಪೇಪರ್ ಓದೋಕೆ ಬೆರಳಿಟ್ಟು ಸಾಲು ಹಿಡಿಯೋ ನಾವು.

ಅಲ್ಲಿಂದ ಇಟಗಿಗೆ ಹೋದ್ವಿ. ಮೊದಲು ಯಲಬುರ್ಗಾ ತಾಲೂಕಿನಲ್ಲಿದ್ದ ಊರು, ಈಗ ಕುಕನೂರು ತಾಲೂಕಿಗೆ ಸೇರಿದೆ. ಅಲ್ಲಿನ ಮಹಾದೇವ ದೇವಾಲಯವನ್ನ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ. ಶಾಸನವೇ ಅದನ್ನ 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಕಂಬಗಳು ಲೇಥ್‌ನಲ್ಲಿ ತಿರುವಿ ತೆಗೆದ ಹಾಗಿವೆ. ನಮ್ಮ ಮೆಕ್ಯಾನಿಕಲ್ ಗೆಳೆಯ ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದ. ಒಂದೂವರೆ ಗಂಟೆ ಇದ್ವಿ. ನಮ್ಮನ್ನ ಬಿಟ್ಟರೆ ಅಲ್ಲಿ ಇದ್ದದ್ದು ಕಾವಲಿನವರು ಮತ್ತೆ ಹೊಂಡದ ಹತ್ತಿರ ಆಡ್ತಿದ್ದ ನಾಲ್ಕು ಮಕ್ಕಳು.

ಆದರೆ ಈ ಲೇಖನ ಬರೆಯೋಕೆ ಕಾರಣ ಶಾಸನವೂ ಅಲ್ಲ, ದೇವಸ್ಥಾನವೂ ಅಲ್ಲ. ಕುಷ್ಟಗಿ ತಾಲೂಕಿನ ಅವನ ಮನೆ.

ಊರೊಳಗೆ ನಡ್ಕೊಂಡು ಹೋಗುವಾಗ ಎಷ್ಟೋ ಮನೆಗೆ ಬೀಗ. ಯಾರಾದ್ರೂ ಇದ್ರೆ ಕಟ್ಟೆ ಮೇಲೆ ಅಜ್ಜ ಅಜ್ಜಿಯರು, ಸ್ಕೂಲಿಗೆ ಹೋಗೋ ಮಕ್ಕಳು. "ಗುಳೆ ಹೋಗ್ಯಾರ" ಅಂದ ನಮ್ಮ ಗೆಳೆಯ. ಕುಷ್ಟಗಿ, ಯಲಬುರ್ಗಾ ಕಡೆ ಮಳೆ ನಂಬಿದ ಒಣಬೇಸಾಯವೇ ಹೆಚ್ಚು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕೆಲಸ ಇರಲ್ಲ. ಬೆಂಗಳೂರು, ಮಂಗಳೂರು, ಗೋವಾ. ಕಟ್ಟಡ ಏಳೋ ಕಡೆಗೆಲ್ಲ ಇಲ್ಲಿಂದ ಜನ ಹೋಗ್ತಾರೆ. ಇವನ ಅಪ್ಪ ಗೋವಾದಲ್ಲಿ ಸೆಂಟ್ರಿಂಗ್ ಕೆಲಸ ಮಾಡಿದವರು. ಸಿವಿಲ್ ಓದೋ ನಮ್ಮಲ್ಲಿ ಸೆಂಟ್ರಿಂಗ್ ಪ್ಲೇಟನ್ನ ಸಿಲೆಬಸ್‌ಗಿಂತ ಮೊದಲೇ ನೋಡಿದ್ದವನು ಇವನೊಬ್ಬನೇ.

ಅವನ ಅವ್ವ "ಬರ್ರಿ ತಮ್ಮಾ, ಬಿಸಲಾಗ ಬಂದೀರಿ, ಮೊದಲ ನೀರ್ ಕುಡೀರಿ" ಅಂದ್ರು. ನಾವು "ಆಂಟಿ" ಅಂದಾಗ ನಕ್ಕರು. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರು. ತಟ್ಟೆ ಖಾಲಿ ಆಗೋಕೆ ಬಿಡಲಿಲ್ಲ. ಊಟದ ನಡುವೆ ನಮ್ಮಲ್ಲೊಬ್ಬ ಯೋಚಿಸದೆ, "ನಾವು ಗೋವಾಕ್ಕೆ ಹೋಗ್ಬೇಕಿತ್ತು ಆಂಟಿ, ನೀವು ಇದ್ರಂತಲ್ಲ, ಬೀಚ್ ಯಾವ್ದು ಚೆನ್ನಾಗಿದೆ?" ಅಂತ ಕೇಳಿಬಿಟ್ಟ. ಅವರಿಗೆ ಬೇಜಾರಾಗಲಿಲ್ಲ. ನೆನಪು ಮಾಡ್ಕೊಂಡು ಹೇಳಿದ್ರು: "ಆರು ವರ್ಷದಾಗ ಸಮುದ್ರ ಎರಡು ಸಲ ನೋಡೀನಿ ತಮ್ಮಾ. ಉಳಿದ ರವಿವಾರ ಸಂತಿ ಆಗ್ಬೇಕಿತ್ತು, ಅರಿವಿ ತೊಳೀಬೇಕಿತ್ತು."

ನಾವ್ಯಾರೂ ಮಾತಾಡಲಿಲ್ಲ. ನಾವು ಮೂರು ದಿನಕ್ಕೆ ನೋಡಬೇಕು ಅಂದ್ಕೊಂಡಿದ್ದ ಸಮುದ್ರವನ್ನ, ಅದೇ ಊರಲ್ಲಿ ಆರು ವರ್ಷ ಇದ್ದವರು ಎರಡೇ ಸಲ ನೋಡಿದ್ದಾರೆ. ನಾವು ಇಳ್ಕೋಬೇಕು ಅಂತಿದ್ದ ರೂಮಿನ ಸ್ಲ್ಯಾಬ್‌ಗೆ ಇಂಥವರೇ ಯಾರೋ ಸೆಂಟ್ರಿಂಗ್ ಕಟ್ಟಿರಬಹುದು.

'ಎಚ್‌ಕೆ ಕೋಟಾ' ಅನ್ನೋ ಮಾತು ಅವತ್ತು ರಾತ್ರಿ ನೆನಪಾಯ್ತು. ಈ ಕಡೆಯ ಜಿಲ್ಲೆಗಳು 1948ರ ಸೆಪ್ಟೆಂಬರ್‌ವರೆಗೂ ನಿಜಾಮರ ಆಡಳಿತದಲ್ಲಿದ್ವು. ಸ್ಕೂಲು, ರಸ್ತೆ, ನೀರು ಎಲ್ಲಾ ತಡವಾಗಿ ಬಂತು. ಅದಕ್ಕೇ ಸಂವಿಧಾನದ 98ನೇ ತಿದ್ದುಪಡಿ ಮೂಲಕ 371ಜೆ ವಿಧಿ ಸೇರಿಸಿದ್ದು. ಕುಷ್ಟಗಿಗೆ ರೈಲು ಬಂದಿದ್ದೇ 2025ರ ಮೇ ತಿಂಗಳಲ್ಲಿ. ಅಂದ್ರೆ ನಮ್ಮ ಗೆಳೆಯ ಸಿಇಟಿ ಬರೆದು ಸೀಟು ಹಿಡಿದು ಕಾಲೇಜು ಸೇರಿದಾಗಲೂ ಅವನ ತಾಲೂಕಿನಲ್ಲಿ ರೈಲು ಓಡ್ತಿರಲಿಲ್ಲ. ಮೆಟ್ರೋ ಎರಡು ನಿಮಿಷ ತಡ ಆದ್ರೆ ಸ್ಟೇಟಸ್ ಹಾಕೋ ನಾವು ಅವನ ಸೀಟಿನ ಬಗ್ಗೆ ತಮಾಷೆ ಮಾಡ್ತಿದ್ವಿ.

ಮರುದಿನ ತಾವರಗೇರಾ, ಕನಕಗಿರಿ ದಾಟಿ ಗಂಗಾವತಿಗೆ ಬಂದ್ವಿ. ಒಂದೇ ಜಿಲ್ಲೆ, ಆದರೆ ಕಾಲುವೆ ಬಂದ ಕೂಡಲೇ ಊರಿನ ಚಹರೆಯೇ ಬೇರೆ: ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಶೋರೂಮ್. ಇದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಲಸ. ಅತ್ತ ಕುಷ್ಟಗಿ, ಯಲಬುರ್ಗಾದವರು ಕೃಷ್ಣೆಯ ನೀರು ಎತ್ತಿ ತರೋ ಕೊಪ್ಪಳ ಏತ ನೀರಾವರಿಗೆ ವರ್ಷಗಳಿಂದ ಕಾಯ್ತಿದ್ದಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೇದರ ಚೈನ್ ಕಿತ್ತು ಗೇಟೇ ಕೊಚ್ಚಿಹೋದಾಗ, ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ ಇಳಿಸಿದ ವಿಡಿಯೋವನ್ನ ನಾವೆಲ್ಲ ಫಾರ್ವರ್ಡ್ ಮಾಡಿದ್ವಿ. ಎಂಥಾ ಎಂಜಿನಿಯರಿಂಗ್ ಅಂದ್ವಿ. ಆ ನೀರು ಯಾವ ಹೊಲಕ್ಕೆ ಹೋಗ್ಬೇಕಿತ್ತು ಅಂತ ಯೋಚಿಸಿರಲಿಲ್ಲ. ನೀರಾವರಿ ಪಾಠವನ್ನ ಪಿಪಿಟಿಯಲ್ಲಿ ನೋಡೋದಕ್ಕೂ, ಒಂದು ಬೆಳಗ್ಗೆಯಲ್ಲಿ ಕುಷ್ಟಗಿಯಿಂದ ಗಂಗಾವತಿಗೆ ಬರೋದಕ್ಕೂ ವ್ಯತ್ಯಾಸ ಇದೆ.

ಹೊರಡೋ ಮುಂಚೆ ಹಿರೇಬೆಣಕಲ್ ಗುಡ್ಡ ಹತ್ತಿದ್ವಿ. ಕಲ್ಲಿನ ಚಪ್ಪಡಿ ನಿಲ್ಲಿಸಿ ಮೇಲೆ ಮುಚ್ಚಿದ ನೂರಾರು ಶಿಲಾಸಮಾಧಿಗಳು, ಎರಡು ಸಾವಿರ ವರ್ಷಕ್ಕಿಂತ ಹಿಂದಿನವು. 2021ರಲ್ಲಿ ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿದ ಜಾಗ. ನೀರು ಹೊತ್ಕೊಂಡು ಹೋಗಿ, ನೆರಳು ಕಡಿಮೆ.

"ಇದನ್ನೆಲ್ಲ ಪ್ರವಾಸ ಅಂತೀರಾ? ರಜೆಯಲ್ಲೂ ಸಮಾಜಶಾಸ್ತ್ರನಾ?" ಅಂತ ಕೇಳೋರಿದ್ದಾರೆ. ಗೋವಾಕ್ಕೆ ಹೋಗೋದು ತಪ್ಪಲ್ಲ, ನಾವೂ ಒಂದಿನ ಹೋಗ್ತೀವಿ. ಬಡತನ ನೋಡೋಕೆ ಹೋಗಿ ಅಂತಲೂ ಹೇಳ್ತಿಲ್ಲ. ಹಾಗೆ ಹೋದ್ರೆ ಅದು ಮಿಮಿಕ್ರಿಗಿಂತ ಕೆಟ್ಟದ್ದು. ಕರೆಯದೆ ಹೋಗಬೇಡಿ, ಹೋದ ಮೇಲೆ ಅತಿಥಿ ಹಾಗೆ ಇರಿ, ಮನೆಯವರ ಫೋಟೋ ಹಾಕಬೇಡಿ. ಸುರಕ್ಷತೆಯ ಪ್ರಶ್ನೆಯೂ ಇದೆ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಹೇಯ ದಾಳಿ ಎಲ್ಲರಿಗೂ ನೆನಪಿದೆ. ಅದೇ ಕಾರಣಕ್ಕೆ ನಮ್ಮ ಜೊತೆ ಬರಬೇಕಿದ್ದ ಗೆಳತಿಯೊಬ್ಬಳ ಮನೆಯಲ್ಲಿ ಒಪ್ಪಲಿಲ್ಲ. ಆ ಭಯ ಸುಳ್ಳಲ್ಲ. ಆದರೆ ಪರಿಚಯದವರ ಮನೆಯಲ್ಲಿ ಉಳಿದು, ಊರಿನವರ ಜೊತೆ ಓಡಾಡೋದು ಗುರುತಿಲ್ಲದ ಹೋಮ್‌ಸ್ಟೇಗಿಂತ ಕ್ಷೇಮ.

ಅದಕ್ಕೇ ಕ್ಲಬ್ಬಿಗೆ ಒಂದು ಸಲಹೆ. ಪ್ರತಿ ಸೆಮ್ ಕೊನೆಗೆ, ಗೆಳೆಯರನ್ನ ಊರಿಗೆ ಕರೆಯೋಕೆ ಇಷ್ಟ ಇರೋರು ನೋಟಿಸ್ ಬೋರ್ಡಲ್ಲಿ ತಮ್ಮ ಊರಿನ ಹೆಸರು ಬರೆಯಲಿ. ಹುಡುಗಿಯರ ತಂಡಕ್ಕೆ ಮೇಡಂ ಒಬ್ಬರು ಜೊತೆ ಬರಲಿ. ಬಸ್ಸು, ರೈಲು, ಊಟ ಎಲ್ಲಾ ಸೇರಿ ನಮಗೆ ತಲೆಗೆ ಎರಡು ಸಾವಿರದ ಒಳಗೇ ಮುಗೀತು. ಬೀದರ್, ಸುಳ್ಯ, ಕೊಳ್ಳೇಗಾಲ, ಕಾಸರಗೋಡು, ಯಾವುದಾದ್ರೂ ಆಗಬಹುದು. ರಾಜ್ಯೋತ್ಸವಕ್ಕೆ ಬಾವುಟ ಕಟ್ಟೋದರ ಜೊತೆ ಇದನ್ನೂ ಮಾಡಿದ್ರೆ ಕನ್ನಡ ಕ್ಲಬ್ ಅನ್ನೋ ಹೆಸರಿಗೆ ಇನ್ನಷ್ಟು ಅರ್ಥ ಬರುತ್ತೆ.

ನಾಲ್ಕನೇ ಸೆಮ್‌ನ ಮೊದಲ ದಿನ ಹೊಸ ಲೆಕ್ಚರರ್ ಎಲ್ಲರ ಊರು ಕೇಳ್ತಾ ಬಂದ್ರು. ನಮ್ಮ ಗೆಳೆಯ ಎದ್ದು ನಿಂತು "ಕುಷ್ಟಗಿ ರೀ ಸರ್" ಅಂದ. ಹಿಂದಿನ ಬೆಂಚಿನಿಂದ ಯಾರೋ "ಅದೆಲ್ಲಿ ಬರ್ತದ್ರಿ?" ಅಂತ ರಾಗ ಎಳೆದ್ರು. ಅವನು ಕೂತ್ಕೊಂಡ. ಈ ಸಲ ನಾವು ನಗಲಿಲ್ಲ. ಹಿಂದೆ ತಿರುಗಿ, ಅದೆಲ್ಲಿ ಬರ್ತದೆ ಅಂತ ನಾವೇ ಹೇಳಿದ್ವಿ.