ಕನೆಕ್ಟಿಂಗ್ ರಾಡಿನ ಆಯ್ಕೆ

ಎಂಜಿನ್ನಿನ ಬಲವನ್ನು ಹೆಚ್ಚಿಸುವ ಹವ್ಯಾಸ ನಮ್ಮ ತರುಣರಲ್ಲಿ ಹಬ್ಬುತ್ತಲಿದೆ. ಬೆಳಗಾವಿಯ ಆಟೋ ನಗರದಲ್ಲಿ ಹಳೆಯ ಮಾರುತಿ ಜಿಪ್ಸಿಯ ಎಂಜಿನ್ನನ್ನು ಬಿಚ್ಚಿಕೊಂಡು ಕುಳಿತವರ ನಡುವೆ ನಾನೂ ಹಲವು ಸಂಜೆಗಳನ್ನು ಕಳೆದಿದ್ದೇನೆ. ಕಲಾ ವಿಭಾಗದವನಿಗೇಕೆ ಈ ಉಸಾಬರಿ ಎಂದು ವಾಚಕರು ನಗಬಹುದು, ನಗಲಿ. ಅಲ್ಲಿ ಮೇಲಿಂದ ಮೇಲೆ ಕೇಳಿಬರುವ ವಾದವೊಂದೇ: ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡು 'ಎಚ್' ಆಕಾರದ್ದಿರಬೇಕೋ, 'ಐ' ಆಕಾರದ್ದೋ? ಇದು ಎರಡನೆಯ ಪ್ರಶ್ನೆಯೆಂದು ನನ್ನ ಮತ. ಮೊದಲು ಕೇಳಬೇಕಾದದ್ದು ಎಂಜಿನ್ನನ್ನು ಎಷ್ಟು ವೇಗದಲ್ಲಿ ತಿರುಗಿಸುತ್ತೀರಿ ಎಂಬುದು.

ರಾಡು ಮುರಿಯುವುದು ಸ್ಫೋಟದ ಒತ್ತಡದಿಂದಲೇ ಎಂದು ಅನೇಕರು ತಿಳಿದಿದ್ದಾರೆ. ಟರ್ಬೊ ಕೂಡಿಸಿದಾಗ ಒತ್ತಡ ಏರುವುದು ನಿಜ. ಆದರೆ ವೇಗ ಹೆಚ್ಚಿದಾಗ ಅದನ್ನು ಕಾಡುವುದು ಎಳೆತ. ಮೇಲಕ್ಕೆ ಹಾರಿದ ಪಿಸ್ಟನ್ನನ್ನು ತಡೆದು ಕೆಳಕ್ಕೆ ಎಳೆಯಬೇಕಾದದ್ದು ಈ ರಾಡೇ. ಜಿಪ್ಸಿಯ 1298 ಸಿ.ಸಿ. ಎಂಜಿನ್ನಿನ ಸ್ಟ್ರೋಕ್ 75.5 ಮಿಲಿಮೀಟರ್. ಪಿಸ್ಟನ್ನು, ಪಿನ್ನು ಕೂಡಿ 400 ಗ್ರಾಂ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 6000 ಸುತ್ತಿನಲ್ಲಿ ಎಳೆತ ಸುಮಾರು 800 ಕಿಲೋ ತೂಕದಷ್ಟು. 8000 ಸುತ್ತಿಗೆ ಏರಿಸಿದರೆ ಸುಮಾರು 1400. ವೇಗ ಮೂರನೆಯ ಒಂದಂಶ ಹೆಚ್ಚಿದರೆ ಎಳೆತ ಒಂದೂಮುಕ್ಕಾಲು ಪಟ್ಟು! ರಾಡಿನ ಸ್ವಂತ ಭಾರ ಇದರ ಮೇಲೆ ಬೇರೆ.

ಈ ಎಳೆತವನ್ನು ದೊಡ್ಡ ಬಾಯಿಯ ಎರಡು ಬೋಲ್ಟುಗಳು ಹೊರುತ್ತವೆ. ಹೀಗಿದ್ದೂ ನಮ್ಮವರು ರಾಡಿಗೆ ಸಾವಿರಾರು ರೂಪಾಯಿ ಸುರಿದು, ಹಳೆಯ ಬೋಲ್ಟನ್ನೇ ಕೈ ಅಂದಾಜಿನಿಂದ ಬಿಗಿಯುವುದನ್ನು ಕಂಡಿದ್ದೇನೆ. ಒಳ್ಳೆಯ ಬೋಲ್ಟನ್ನು ಬಿಗಿದಾಗ ಎಷ್ಟು ಹಿಗ್ಗಿತೆಂದು ಅಳೆಯುತ್ತಾರೆ. ಅದಕ್ಕೆ ಸಾಧನವಿಲ್ಲದಿದ್ದರೆ ಟಾರ್ಕ್ ಪಾನವಾದರೂ ಬೇಕು.

ನಮ್ಮ ಊರು ಎರಕಕ್ಕೆ ಹೆಸರಾದದ್ದು. ಇಲ್ಲಿಯ ಫೌಂಡ್ರಿಗಳ ಬಗೆಗೆ ನನಗೂ ಅಭಿಮಾನವುಂಟು. ಆದರೆ ಇಂಥ ಎಂಜಿನ್ನಿಗೆ ಕಾಸಿ ಬಡಿದು ರೂಪಿಸಿದ ಉಕ್ಕಿನ ರಾಡೇ ತಕ್ಕದ್ದು. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 4340 ಎಂಬ ಉಕ್ಕನ್ನು ಇದಕ್ಕಾಗಿ ಬಳಸುತ್ತಾರೆ. ಆ ಅಂಕಿಯನ್ನು ರಾಡಿನ ಮೇಲೆ ಕೆತ್ತುವುದು ಯಾರಿಗೂ ಕಷ್ಟವಲ್ಲ, ಆದ್ದರಿಂದ ಲೋಹದ ಪರೀಕ್ಷಾ ಪತ್ರ ಕೇಳಬೇಕು. ನಾಲ್ಕೂ ರಾಡುಗಳನ್ನು ತಕ್ಕಡಿಗೆ ಹಾಕಬೇಕು. ದೊಡ್ಡ ಬಾಯಿ, ಸಣ್ಣ ಬಾಯಿಗಳನ್ನು ಬೇರೆ ಬೇರೆಯಾಗಿಯೇ ತೂಗಬೇಕು.

ಕಂಪೆನಿ ಹೇಳಿದ ವೇಗವನ್ನೂ ಬಲವನ್ನೂ ಮೀರುವ ಇರಾದೆಯಿಲ್ಲದವನು ಹೊಸ ರಾಡನ್ನೇ ಕೊಳ್ಳಬೇಕಾಗಿಲ್ಲ. ಮೂಲ ರಾಡಿಗೆ ಬಿರುಕಿನ ಪರೀಕ್ಷೆ ಮಾಡಿಸಿ, ಬಾಗಿದೆಯೇ ನೋಡಿ, ಹೊಸ ಬೋಲ್ಟು ಹಾಕಿದರೆ ಸಾಕು. ಉಳಿದ ಹಣ ಬ್ರೇಕಿಗಾಗಲಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಂಜಿನ್ನನ್ನು ಪರೀಕ್ಷಿಸಲು ನಮ್ಮವರು ಒಯ್ಯುವುದು ಖಾನಾಪುರದ ರಸ್ತೆಗೆ. ರಾಡು ಮುರಿದರೆ ಬ್ಲಾಕನ್ನೇ ಸೀಳಿಕೊಂಡು ಹೊರಬರುತ್ತದೆ. ಎಣ್ಣೆಯೆಲ್ಲ ಗಾಲಿಗಳ ಕೆಳಗೆ ಚೆಲ್ಲುತ್ತದೆ. ಅದೇ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳೂ, ನಮ್ಮ ಸಹಪಾಠಿಗಳು ನಿಂತುಕೊಂಡು ಬರುವ ಬೆಳಗಿನ ಬಸ್ಸೂ ಸಾಗುತ್ತಿರುತ್ತವೆ.